ಮೊದಲು ದೋಣಿಗೆ ಬರಲಿ
ಗಂಗೊಳ್ಳಿಯ ಆ ಮನೆಯಲ್ಲಿ ವೀಡಿಯೊ ಜೋಡಿಸುವ ಕೆಲಸ ಪಾಂಡು ಮಾವನದು. ಸೊಸೆ ಧನ್ಯಶ್ರೀ ತನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ನಾಲ್ಕು ವೀಡಿಯೊ ಕೇಳಿದ್ದೇ ತಡ, ಫೋನಿನಲ್ಲಿದ್ದ ಬಂಗುಡೆ ಹರಾಜು, ಬೆಕ್ಕಿನ ಕುಣಿತ, ಶುಭೋದಯದ ಹೂವು ಎಲ್ಲವನ್ನೂ ಕಂಪ್ಯೂಟರಿಗೆ ಇಂಪೋರ್ಟ್ ಮಾಡಿಬಿಟ್ಟರು. "ಬಲೆಗ್ ಬಿದ್ದದ್ದೆಲ್ಲ ಮೊದ್ಲ್ ದೋಣಿಗ್ ಬರ್ಲಿ, ಮತ್ತೆ ಹೆಕ್ಕುವ" ಎನ್ನುವ ಹಳೆಯ ಮೀನುಗಾರ ಅವರು. ಹೆಕ್ಕಲು ಕೂತರೆ ಮಾತ್ರ ಕರುಣೆಯಿಲ್ಲ. ಅಲುಗಾಡಿದ್ದು, ಮಸುಕಾದದ್ದು, ಅಳಿಯನ ಭಾಷಣ, ಎಲ್ಲ ಹೊರಗೆ. ಆದರೂ ಪೂರ್ತಿ ಕಪ್ಪಾದ ವೀಡಿಯೊ ಒಂದು ಉಳಿದಿತ್ತು. "ಮಾವ, ಇದ್ರಗೆ ಎಂತದೂ ಕಾಂತಿಲ್ಲೆ, ಬಿಸಾಡಿ" ಎಂದಳು ಧನ್ಯಶ್ರೀ. ಮಾವ ಸದ್ದು ಏರಿಸಿದರು. ಈಗ ತೀರಿಕೊಂಡಿರುವ ಮಾವನ ಹೆಂಡತಿ ಜಲಜತ್ತೆ, ಕ್ಯಾಮೆರಾಕ್ಕೆ ಬೆರಳು ಅಡ್ಡ ಹಿಡಿದುಕೊಂಡೇ, ತೊಟ್ಟಿಲ ಮಗುವನ್ನು ಕರೆಯುತ್ತಿದ್ದರು: "ಹೇ ಹೆಣ್ಣೇ, ಅಜ್ಜಿನ್ ಕಾಣ್ ಕಾಂಬ!" ಧನ್ಯಶ್ರೀಯ ಸೊಂಟದ ಮೇಲಿದ್ದ ಮಗು ಪರದೆಯತ್ತ ತಿರುಗಿತು. ಅವಳು ಮೆಲ್ಲಗೆ ಹೇಳಿದಳು: "ಹೆಕ್ಕಿಟ್ಟದ್ರಗೆ ಇದೇ ಮೊದ್ಲ್ ಇರ್ಲಿ, ಮಾವ."