ವೇಣುಗೋಪಾಲರು ಓದದೆ ಬಿಟ್ಟ ಚೀಟಿ

ಕೆನಡಾದ ವಿಟ್ಬಿ ಊರಿನ ಕನ್ನಡಿಗರು ವೇಣುಗೋಪಾಲರನ್ನು 'ಮುನಿಸಿಪಾಲ್ಟಿ ವೇಣು' ಎಂದು ಕರೆಯುತ್ತಿದ್ದರು. ಹಾಗಂತ ಅವರು ಮುನಿಸಿಪಾಲ್ಟಿಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಮದುವೆಯಾದ ವರ್ಷವೇ ಕೆನಡಾಕ್ಕೆ ಬಂದು, ಇಪ್ಪತ್ತಾರು ವರ್ಷ ವಿದ್ಯುತ್ ಸ್ಥಾವರದಲ್ಲಿ ಪಂಪುಗಳನ್ನು ನೋಡಿಕೊಂಡು, ೧೯೯೭ರಲ್ಲಿ ನಿವೃತ್ತರಾದವರು. ನಿವೃತ್ತನಾದ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಅವರ ಹೆಂಡತಿ ಜಯಲಕ್ಷ್ಮಿಯವರ ಬಾಯಿಂದಲೇ ಕೇಳಬೇಕು. ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದರು. ಎರಡನೆಯ ತಿಂಗಳು ಸಾಸಿವೆ ಡಬ್ಬಿ ಒಲೆಯಿಂದ ಇಷ್ಟು ದೂರ ಯಾಕಿದೆ ಎಂದು ವಿಚಾರಣೆ ನಡೆಸಿದರು. ಮೂರನೆಯ ತಿಂಗಳು ಆಕೆ ಕೈ ಮುಗಿದರು.

"ಊರಿಗೆ ಉಪಕಾರ ಆಗೋ ಕೆಲಸ ಏನಾದ್ರೂ ಹುಡುಕ್ಕೊಳ್ಳಿ. ನನ್ನ ಅಡುಗೆಮನೆ ಬಿಟ್ಬಿಡಿ."

ಆ ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಮುಕುಂದ್ ಎಂಬ ಸಾಫ್ಟ್‌ವೇರ್ ಹುಡುಗ, ಹಿಮ ಬೀಳುವ ದಿನ ಕಾರನ್ನು ರಸ್ತೆಯಲ್ಲೇ ಬಿಟ್ಟು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಕಾರಿಲ್ಲ. ಹಿಮ ತೆಗೆಯುವ ಲಾರಿಗೆ ದಾರಿ ಬಿಡಲೆಂದು ಟೌನಿನ ಆಡಳಿತದವರು ಅದನ್ನು ಎಳೆದುಕೊಂಡು ಹೋಗಿದ್ದರು.

"ಇದು ಪೇಪರಲ್ಲಿ ಬಂದಿತ್ತಲ್ಲಪ್ಪ, ಟೌನಿನ ಪುಟದಲ್ಲಿ," ಅಂದರು ವೇಣುಗೋಪಾಲರು.

"ಆ ಪೇಪರ್ ಯಾರು ಓದ್ತಾರೆ ಅಂಕಲ್? ಸೀದಾ ರೀಸೈಕ್ಲಿಂಗಿಗೆ ಹೋಗತ್ತೆ."

ನಾನು ಓದುತ್ತೇನೆ ಎಂದುಕೊಂಡರು ವೇಣುಗೋಪಾಲರು. ಅಂದಿನಿಂದ ವಾರಪತ್ರಿಕೆ ಬಾಗಿಲಿಗೆ ಬಿದ್ದ ಕೂಡಲೇ ಕತ್ತರಿ ಹಿಡಿದು ಕೂರುತ್ತಿದ್ದರು. ಊರಾಡಳಿತದ ಪ್ರಕಟಣೆಗಳನ್ನು ಒಂದೊಂದಾಗಿ ಕತ್ತರಿಸಿ, ರಟ್ಟಿನ ಚೀಟಿಗೆ ಅಂಟಿಸಿ, ಕೆಳಗೆ ಕನ್ನಡದಲ್ಲಿ ಸಾರಾಂಶ ಬರೆಯುತ್ತಿದ್ದರು. ತಿಂಗಳ ಎರಡನೆಯ ಭಾನುವಾರ ಯಾರದಾದರೂ ಬೇಸ್‌ಮೆಂಟಿನಲ್ಲಿ ಭಜನೆ ಸೇರುತ್ತಿತ್ತು. ಮಂಗಳಾರತಿ ಆಗಿ ತಟ್ಟೆಗೆ ಊಟ ಬೀಳುವ ಮೊದಲು ವೇಣುಗೋಪಾಲರು ಎದ್ದು ನಿಂತು ಕನ್ನಡಕ ಏರಿಸುತ್ತಿದ್ದರು. ಕಸ ಒಯ್ಯುವ ದಿನ ಬದಲಾಗಿದೆ. ಸರೋವರದ ದಂಡೆಯ ರಸ್ತೆ ಎರಡು ವಾರ ಬಂದ್. ಲೈಬ್ರರಿಯಲ್ಲಿ ಮಕ್ಕಳಿಗೆ ಈಜಿನ ಕ್ಲಾಸಿನ ಅರ್ಜಿ ಸಿಗುತ್ತದೆ. ಹೊಟ್ಟೆ ಹಸಿದವರು ಒಳಗೊಳಗೇ ಗೊಣಗಿದರೂ ಯಾರೂ ಎದ್ದು ಹೋಗುತ್ತಿರಲಿಲ್ಲ, ಯಾಕೆಂದರೆ ಮುಕುಂದನ ಕಾರಿನ ಕಥೆ ಎಲ್ಲರಿಗೂ ಗೊತ್ತಿತ್ತು. ಒಂದು ಸುದ್ದಿಯನ್ನೂ ಬಿಡದೆ ಓದುತ್ತೇನೆ ಎಂಬುದು ವೇಣುಗೋಪಾಲರ ಹೆಮ್ಮೆ. ಆ ಹೆಮ್ಮೆಯನ್ನು ಅವರು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದರು ಅಂದರೂ ತಪ್ಪಿಲ್ಲ.

೨೦೦೦ದಲ್ಲಿ ಅವರು ಮನೆ ಮಾರಿದರು. ಜಯಲಕ್ಷ್ಮಿಯವರ ಮಂಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದಿತ್ತು. ಸರೋವರ ಕಾಣುವ ಆರನೆಯ ಮಹಡಿಯ ಫ್ಲ್ಯಾಟಿಗೆ ಬಂದರು. ಲಿಫ್ಟು, ಹೀಟಿಂಗು, ಎಲ್ಲ ಅನುಕೂಲ. ಹಿತ್ತಿಲು ಮಾತ್ರ ಹೋಯಿತು. ಹಳೆಯ ಮನೆಯ ಹಿತ್ತಿಲಲ್ಲಿ ಅವರು ಇಪ್ಪತ್ತು ಬೇಸಿಗೆ ಈರನಗೆರೆ ಬದನೆ ಬೆಳೆದಿದ್ದರು, ಮೈಸೂರಿನಿಂದ ಬೀಜ ತರಿಸಿ. ಈಗ ಬೀಜದ ಪೊಟ್ಟಣ ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿ ಬಾಟಲಿಯ ಹಿಂದೆ ಕೂತಿತ್ತು. ಮೇ ತಿಂಗಳು ಬಂದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಅದೇ ಹೊತ್ತಿಗೆ ದ್ಯಾಮವ್ವ ಬಂದರು. ಗದಗಿನ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. ಮಗ ವೀರಭದ್ರಪ್ಪ ಸಾಫ್ಟ್‌ವೇರಿನವನು. ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಂಡು ಒಂಬತ್ತನೆಯ ಮಹಡಿಯ ತನ್ನ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಂಡಿದ್ದ. ಇಂಗ್ಲಿಷ್ ಬಾರದು, ಅಕ್ಷರವೂ ಬಾರದು. ಭಜನೆಗೆ ಬಂದರೆ ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತು, ವೇಣುಗೋಪಾಲರ ಸುದ್ದಿಯನ್ನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದವರು ಆ ಬೇಸ್‌ಮೆಂಟಿನಲ್ಲಿ ಆಕೆ ಒಬ್ಬರೇ. ಬೆಂಕಿ ಆರಿಸುವ ನಲ್ಲಿಯ ಮುಂದಿನ ಹಿಮ ತೆಗೆಯಿರಿ ಎಂದರೂ ಗಂಭೀರವಾಗಿ ತಲೆ ಆಡಿಸುತ್ತಿದ್ದರು.

೨೦೦೨ರ ಫೆಬ್ರವರಿಯ ಭಜನೆ ಮುಗಿದ ಮೇಲೆ ಆಕೆ ವೇಣುಗೋಪಾಲರ ಹತ್ತಿರ ಬಂದರು.

"ವೇಣಣ್ಣಾರ, ಊರ ಸುದ್ದಿ ಎಲ್ಲಾ ನಿಮ್ಮ ಕಡೆ ಬರ್ತಾವು. ಯಾರರ ಒಂದೀಟು ಮಣ್ಣು ಕೊಡ್ತಾರಂತ ಸುದ್ದಿ ಬಂದ್ರ ನನಗ ಹೇಳ್ರಿ. ಒಂದು ಹಾಸಿಗಿ ಅಗಲ ಇದ್ರೂ ಸಾಕು. ಮೆಂತ್ಯಾ, ರಾಜಗಿರಿ ಹಾಕ್ಕೊಂಡು ಕುಂದರ್ತೀನಿ. ಆ ಒಂಬತ್ತನೇ ಮಾಳಗಿ ಮ್ಯಾಲ ಹಗಲು ಸರಿಯವಲ್ಲದು."

"ಬಂದ್ರೆ ಮೊದಲು ನಿಮಗೇ ಹೇಳ್ತೀನಮ್ಮ," ಅಂದರು ವೇಣುಗೋಪಾಲರು. ಮನಸ್ಸಿಟ್ಟೇ ಅಂದರು. ಮಣ್ಣಿಲ್ಲದ ಕೈಯ ಸಂಕಟ ಆ ಊರಿನಲ್ಲಿ ಯಾರಿಗಾದರೂ ಅರ್ಥವಾಗುವುದಿದ್ದರೆ ಅವರಿಗೇ.

ಸುದ್ದಿ ಮಾರ್ಚಿನ ಮೊದಲ ವಾರ ಬಂದೇ ಬಿಟ್ಟಿತು. ಸರೋವರದ ದಂಡೆಯ ಪಾರ್ಕಿನ ಪಕ್ಕ ಇಪ್ಪತ್ತನಾಲ್ಕು ತುಂಡು ಜಾಗ, ಊರಿನ ನಿವಾಸಿಗಳಿಗೆ ತರಕಾರಿ ಬೆಳೆಯಲು. ಸೋಮವಾರ ಬೆಳಿಗ್ಗೆ ಎಂಟೂವರೆಯಿಂದ ಟೌನ್ ಹಾಲಿನಲ್ಲಿ ಅರ್ಜಿ, ಮೊದಲು ಬಂದವರಿಗೆ ಮೊದಲು. ವೇಣುಗೋಪಾಲರು ಅದನ್ನು ಎರಡು ಸಲ ಓದಿ ಕತ್ತರಿಸಿದರು. ಎಂದಿನಂತೆ ಚೀಟಿಗೆ ಅಂಟಿಸಿದರು, ಕೆಳಗೆ ಕನ್ನಡದ ಸಾರಾಂಶ ಬರೆದರು. ಆ ತಿಂಗಳು ಏಳು ಚೀಟಿ. ಆರು ಫೈಲಿಗೆ ಹೋದವು, ಏಳನೆಯದು ಕೋಟಿನ ಒಳಜೇಬಿಗೆ ಹೋಯಿತು.

ಭಾನುವಾರದ ಭಜನೆಯಲ್ಲಿ ಮೂವತ್ತೈದು ಜನ. ಓದುತ್ತ ಓದುತ್ತ ಅವರ ಕಣ್ಣು ಜನರನ್ನು ಅಳೆಯಿತು. ಇವರಲ್ಲಿ ಅರ್ಧದಷ್ಟು ಜನರಿಗೆ ಕಾರಿದೆ, ಚುರುಕು ಕಾಲಿದೆ. ಓದಿದರೆ ನಾಳೆ ಏಳು ಗಂಟೆಗೇ ಸಾಲು ನಿಲ್ಲುತ್ತಾರೆ. ಮುಕುಂದನಿಗೆ ಬದನೆ ಗಿಡಕ್ಕೂ ಬೆಂಡೆ ಗಿಡಕ್ಕೂ ವ್ಯತ್ಯಾಸ ಗೊತ್ತಿಲ್ಲ, ಆದರೂ ಸಿಗುತ್ತದೆಂದು ಬಂದು ನಿಲ್ಲುತ್ತಾನೆ. ಆರನೆಯ ಚೀಟಿ ಮುಗಿಯಿತು. ವೇಣುಗೋಪಾಲರು ಕನ್ನಡಕ ಇಳಿಸಿ, "ಇಷ್ಟೇ ಈ ತಿಂಗಳು," ಅಂದರು.

ಊಟದ ಸಾಲಿನಲ್ಲಿ ದ್ಯಾಮವ್ವ ಪಕ್ಕಕ್ಕೆ ಬಂದು ನಿಂತರು. "ಮಣ್ಣಿನ ಸುದ್ದಿ ಏನರ ಬಂತೇನ್ರಿ?"

ಆಗಲಾದರೂ ಹೇಳಬಹುದಿತ್ತು. ಆಕೆಯೊಬ್ಬರ ಕಿವಿಗೆ ಹಾಕಿದ್ದರೆ ಆಗುತ್ತಿತ್ತು. ಆದರೆ ಆಕೆಗೆ ಹೇಳಿದರೆ ಮಗನಿಗೆ ಹೇಳುತ್ತಾರೆ, ಮಗ ಊರಿಗೆಲ್ಲ ಹೇಳುತ್ತಾನೆ ಎಂದು ಅವರ ಲೆಕ್ಕಾಚಾರ ಓಡಿತು.

"ಇನ್ನೂ ಇಲ್ಲಮ್ಮ," ಅಂದರು.

ಮರುದಿನ ಏಳೂವರೆಗೇ ಟೌನ್ ಹಾಲಿನ ಮುಂದೆ ಹೋಗಿ ನಿಂತರು. ಅವರ ಮುಂದೆ ಇದ್ದವರು ಐದೇ ಜನ. ಎಂಟೂವರೆಗೆ ಬಾಗಿಲು ತೆರೆದ ಹೆಣ್ಣುಮಗಳು ಭೂಪಟ ಹರಡಿ, ಯಾವುದು ಬೇಕೋ ಆರಿಸಿಕೊಳ್ಳಿ ಅಂದಳು. ಬಿಸಿಲು ಚೆನ್ನಾಗಿ ಬೀಳುವ ಹನ್ನೊಂದನೆಯ ತುಂಡನ್ನು ಆರಿಸಿಕೊಂಡರು. ತಿರುಗಿ ನೋಡಿದರೆ ಸಾಲೇ ಇರಲಿಲ್ಲ. ಯಾರೂ ನುಗ್ಗಿ ಬರಲಿಲ್ಲ. ಸುಳ್ಳಿನ ಅಗತ್ಯವೇ ಇರಲಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಗುರುವಾರ ತಡೆಯಲಾರದೆ ಟೌನ್ ಹಾಲಿಗೆ ಫೋನ್ ಮಾಡಿದರು. ಇನ್ನೂ ಎರಡು ತುಂಡು ಇವೆ ಅಂದರು ಅಲ್ಲಿಯವರು. ಕೂಡಲೇ ವೀರಭದ್ರಪ್ಪನ ಮನೆಗೆ ಫೋನ್ ಮಾಡಿದರು. ಎತ್ತಿದ್ದು ಅವನ ಹೆಂಡತಿ ಸಂಯುಕ್ತಾ. ಏನು ಹೇಳುವುದು? ಇವತ್ತು ಸುದ್ದಿ ಬಂತು ಅನ್ನಬಹುದಿತ್ತು. ಆದರೆ ಪ್ರಕಟಣೆಯ ಮೇಲೆ ಹಳೆಯ ತಾರೀಖಿದೆ. ಸೋಮವಾರದಿಂದ ಶುರುವಾಗಿದೆ ಎಂದು ಟೌನ್ ಹಾಲಿನವರೇ ಹೇಳುತ್ತಾರೆ. ವೇಣುಗೋಪಾಲರು ಮಾತು ಬದಲಿಸಿದರು.

"ಏನಿಲ್ಲಮ್ಮ, ನಿಮ್ಮ ಕಡೆ ರೀಸೈಕ್ಲಿಂಗ್ ನೀಲಿ ಡಬ್ಬ ಇನ್ನು ಬುಧವಾರ ಇಡಬೇಕು. ಅದನ್ನ ಹೇಳೋಣ ಅಂತ."

"ಅಪಾರ್ಟ್‌ಮೆಂಟಲ್ಲಿ ನಮಗೆ ನೀಲಿ ಡಬ್ಬಾನೇ ಇಲ್ವಲ್ಲ ಅಂಕಲ್," ಅಂದಳು ಸಂಯುಕ್ತಾ ನಗುತ್ತ.

ಶುಕ್ರವಾರ ಸಂಜೆಗೆ ಇಪ್ಪತ್ತನಾಲ್ಕೂ ತುಂಬಿದವು.

ಬದನೆ ಗಿಡಗಳು ಮಾತ್ರ ಯಾರ ಪಾಪವನ್ನೂ ಲೆಕ್ಕಿಸದೆ ಸೊಂಪಾಗಿ ಬೆಳೆದವು. ವೇಣುಗೋಪಾಲರು ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಕಳೆ ಕೀಳುತ್ತಿದ್ದರು, ನೀರು ಹಾಕುತ್ತಿದ್ದರು. ಮೊದಲಿನ ಸುಖ ಇರಲಿಲ್ಲ. ಬಗ್ಗಿ ಮಣ್ಣು ಮುಟ್ಟಿದರೆ 'ಒಂದು ಹಾಸಿಗಿ ಅಗಲ' ಎಂಬ ಮಾತು ನೆನಪಾಗುತ್ತಿತ್ತು. ಅವರ ತುಂಡು ನಾಲ್ಕು ಹಾಸಿಗೆಯಷ್ಟಾದರೂ ಇತ್ತು. ತೋಟದ ವಿಷಯ ಭಜನೆಯವರ ಮುಂದೆ ಎತ್ತಬೇಡ ಎಂದು ಹೆಂಡತಿಗೆ ಹೇಳಿದ್ದರು. ಯಾಕೆಂದು ಆಕೆ ಕೇಳಿದರೆ, ಎಲ್ಲರೂ ಬದನೆಕಾಯಿ ಕೇಳ್ತಾರೆ ಎಂದು ಹಾರಿಸಿದ್ದರು.

ಜಯಲಕ್ಷ್ಮಿಯವರಿಗೆ ಅಂಥ ಮಾತು ಬಾಯಲ್ಲಿ ನಿಲ್ಲುವುದು ಕಷ್ಟ. ಸೆಪ್ಟೆಂಬರಿನ ಭಜನೆಗೆ ಗಂಡನನ್ನು ಕೇಳದೆ ದೊಡ್ಡ ಪಾತ್ರೆಯ ತುಂಬ ವಾಂಗಿಭಾತ್ ಮಾಡಿಕೊಂಡು ಬಂದರು. ದ್ಯಾಮವ್ವ ಒಂದು ತುತ್ತು ಬಾಯಿಗಿಟ್ಟು ಕೈ ನಿಲ್ಲಿಸಿದರು.

"ಯವ್ವಾ, ಇದು ಅಂಗಡಿ ಬದನಿಕಾಯಿ ಅಲ್ಲ. ಇದು ಮಣ್ಣಾಗ ಯಾರೋ ಜೀವ ಹಚ್ಚಿ ಬೆಳೆದದ್ದು."

"ನಮ್ಮೋರೇ ಬೆಳೆದಿದ್ದು!" ಜಯಲಕ್ಷ್ಮಿಯವರ ಮುಖ ಅರಳಿತು. "ಮಾರ್ಚಲ್ಲಿ ಟೌನ್‌ನೋರು ಲೇಕ್ ಹತ್ರ ಜಾಗ ಕೊಟ್ಟರಲ್ಲ, ಅಲ್ಲಿ."

ನಾಲ್ಕಾರು ಜನ ತಟ್ಟೆ ಹಿಡಿದುಕೊಂಡು ತಿರುಗಿ ನೋಡಿದರು. ದ್ಯಾಮವ್ವ ವೇಣುಗೋಪಾಲರನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಪೆಚ್ಚಾದ ಒಂದು ನಗು ಮಾತ್ರ ಇತ್ತು.

"ಹೌದೇನ್ರಿ? ಆವತ್ತ ಓದಿದ್ರೇನು? ನನಗ ಕೇಳಿಸಿರಲಿಕ್ಕಿಲ್ಲ ನೋಡ್ರಿ. ಆಮ್ಯಾಲ ನಾ ಕೇಳಿದಾಗ ನೀವು ಅಂದದ್ದೂ ತಪ್ಪು ಕೇಳಿಸಿರಬೇಕು. ವಯಸ್ಸಾತು, ಕಿವಿ ಮಂದ ಆಗ್ಯಾವು."

ಒಂದು ಮಾತು ಸಾಕಿತ್ತು. ವೇಣುಗೋಪಾಲರು ತಲೆ ಆಡಿಸಿದರು. ಹೌದು ಎಂದೋ ಅಲ್ಲ ಎಂದೋ ಗೊತ್ತಾಗದ ಹಾಗೆ ಆಡಿಸಿದರು. ಅಲ್ಲಿದ್ದವರೆಲ್ಲ ಅದನ್ನು ಹೌದು ಎಂದೇ ತಿಳಿದರು. ನಮಗೂ ನೆನಪಿಲ್ಲಪ್ಪ, ಹಸಿವಿನಲ್ಲಿ ಸರಿಯಾಗಿ ಕೇಳಿರಲಿಲ್ಲ ಎಂದು ಯಾರೋ ನಕ್ಕರು. ಮುನಿಸಿಪಾಲ್ಟಿ ವೇಣು ಒಂದು ಸುದ್ದಿಯನ್ನು ಬಿಟ್ಟಿರಬಹುದು ಎಂದು ಒಬ್ಬರ ತಲೆಗೂ ಹೋಗಲಿಲ್ಲ. ವೇಣುಗೋಪಾಲರು ವಾಂಗಿಭಾತಿನ ತಟ್ಟೆಯನ್ನು ಹಾಗೆಯೇ ಬದಿಗಿಟ್ಟರು.

ಅಕ್ಟೋಬರಿನ ಭಜನೆಯಲ್ಲಿ ಅವರು ಕಂಡದ್ದು ಇನ್ನೂ ಕೆಟ್ಟದಾಗಿತ್ತು. ಎಲ್ಲರೂ ದ್ಯಾಮವ್ವನ ಜೊತೆ ಕೂಗಿ ಮಾತಾಡುತ್ತಿದ್ದರು. ಸಂಯುಕ್ತಾ "ಅತ್ತೇ, ನೀರು ಬೇಕಾ?" ಎಂದು ಒದರಿದಳು. ಮಕ್ಕಳು ಆಕೆಯ ಕಿವಿಯ ಹತ್ತಿರ ಬಂದು ಕಿರುಚಿ ನಕ್ಕು ಓಡಿದವು. ಮೊದಲು ನಾಲ್ಕು ಜನರ ನಡುವೆ ಕೂತು ಮಾತಿಗೆ ಮಾತು ಕೊಡುತ್ತಿದ್ದ ಹೆಂಗಸು ಈಗ ಯಾರಾದರೂ ಬಾಯಿ ತೆರೆದರೆ ತಾನೇ ಮೊದಲು ಕಿವಿಗೆ ಕೈ ಹಿಡಿಯುತ್ತಿದ್ದರು, ತನ್ನ ಕಿವಿಯನ್ನು ತಾನೇ ನಂಬದವರಂತೆ. ವೇಣುಗೋಪಾಲರಿಗೂ ನಮಸ್ಕಾರ ಹೇಳಿದರು. "ಚೆನ್ನಾಗಿದ್ದೀರಾ ಅಮ್ಮಾ?" ಎಂದು ಅವರೂ ಗಟ್ಟಿಯಾಗಿ ಕೂಗಿದರು. ಕೂಗಿದ ಮೇಲೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಕೇಳುವ ಕಿವಿಗೆ ಕೂಗುತ್ತಿದ್ದೇನೆಂದು ಆ ಬೇಸ್‌ಮೆಂಟಿನಲ್ಲಿ ತಿಳಿದಿದ್ದವರು ಅವರೊಬ್ಬರೇ.

ನವೆಂಬರಿನ ಭಜನೆ ಮುಕುಂದನ ಮನೆಯಲ್ಲಿ. ಹೊರಗೆ ಎಲೆ ಉದುರಿ ಮುಗಿದಿತ್ತು. ಮಂಗಳಾರತಿಗೆ ಮೊದಲೇ ವೀರಭದ್ರಪ್ಪ ಬಂದು ಪಕ್ಕದಲ್ಲಿ ಕೂತ.

"ಸರ್, ಅವ್ವನ ಕಿವಿ ಟೆಸ್ಟ್ ಮಾಡ್ಸಿದ್ವಿ. ತಲೀಗೆ ಅದೇನೋ ಹೆಡ್‌ಫೋನ್ ಹಾಕಿ ಗುಬ್ಬಿ ಚಿಂವ್ ಅಂದಷ್ಟು ಸೌಂಡ್ ಬಿಟ್ರ, ಅದಕ್ಕೂ ಕೈ ಎತ್ತ್ಯಾಳ. ಡಾಕ್ಟರ್ ಅಂತಾನ, ನಿಮ್ಮ ತಾಯಿ ಹಿಯರಿಂಗ್ ನಿಮಗಿಂತ ಛೊಲೊ ಅದ ಅಂತ!" ಎಂದು ಜೋರಾಗಿ ನಕ್ಕ. ಅವನಿಗೆ ಅದು ಸಂತೋಷದ ಸುದ್ದಿ, ಅಷ್ಟೇ.

ವೇಣುಗೋಪಾಲರು ಮುಂದಿನ ಸಾಲಿನ ಕಡೆ ನೋಡಿದರು. ದ್ಯಾಮವ್ವ ಈ ಸಲ ಕಿವಿಗೆ ಕೈ ಹಿಡಿದಿರಲಿಲ್ಲ. ಕೈ ಮಡಿಲಲ್ಲಿತ್ತು. ಕಣ್ಣು ವೇಣುಗೋಪಾಲರ ಮೇಲಿತ್ತು. ಆಕೆಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಗೊತ್ತಾದರೂ ಆಕೆ ಮಗನಿಗೂ ಹೇಳಿಲ್ಲ.

ಮಂಗಳಾರತಿ ಆಯಿತು. ವೇಣುಗೋಪಾಲರು ಎದ್ದು ನಿಂತು ಕನ್ನಡಕ ಏರಿಸಿದರು. ಫೈಲು ಕೈಯಲ್ಲಿತ್ತು, ತೆರೆಯಲಿಲ್ಲ. ಮಾರ್ಚಿನಲ್ಲಿ ತೊಟ್ಟಿದ್ದ ಕೋಟನ್ನು ಆ ವಾರವಷ್ಟೇ ಮತ್ತೆ ಹೊರತೆಗೆದಿದ್ದರು. ಒಳಜೇಬಿಗೆ ಕೈ ಹಾಕಿ, ಮೂಲೆ ಮಡಚಿಹೋಗಿದ್ದ ರಟ್ಟಿನ ಚೀಟಿ ತೆಗೆದರು.

"ಸರೋವರದ ದಂಡೆಯ ಪಾರ್ಕಿನ ಪಕ್ಕ ಇಪ್ಪತ್ತನಾಲ್ಕು ತುಂಡು ಜಾಗ," ಎಂದು ಓದಿದರು. "ಊರಿನ ನಿವಾಸಿಗಳಿಗೆ ತರಕಾರಿ ಬೆಳೆಯಲು. ಸೋಮವಾರ, ಮಾರ್ಚ್ ಹನ್ನೊಂದು, ಬೆಳಿಗ್ಗೆ ಎಂಟೂವರೆಗೆ. ಮೊದಲು ಬಂದವರಿಗೆ ಮೊದಲು."

"ಅಂಕಲ್, ಹಳೇ ಚೀಟಿ ಬಂದ್ಬಿಟ್ಟಿದೆ!" ಮುಕುಂದ್ ನಕ್ಕ. ಇನ್ನೂ ಕೆಲವರು ನಕ್ಕರು.

"ಹಳೇದೇ," ಅಂದರು ವೇಣುಗೋಪಾಲರು. "ಮಾರ್ಚಲ್ಲಿ ಇದು ನನ್ನ ಜೇಬಲ್ಲೇ ಇತ್ತು. ನಾನು ಓದಲಿಲ್ಲ. ನೀವೆಲ್ಲ ಬಂದ್ರೆ ನನಗೆ ಸಿಗಲ್ಲ ಅಂತ ಓದಲಿಲ್ಲ. ದ್ಯಾಮವ್ವನವರು ಬಂದು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ಅವರ ಕಿವಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ."

ಜಯಲಕ್ಷ್ಮಿಯವರು ಗಂಡನ ಮುಖವನ್ನೇ ನೋಡುತ್ತ ಕೂತರು. ವೀರಭದ್ರಪ್ಪ ತಾಯಿಯ ಕಡೆ ತಿರುಗಿದ. ವೇಣುಗೋಪಾಲರು ಚೀಟಿಯನ್ನು ಫೈಲಿನ ಮೇಲಿಟ್ಟರು.

ದ್ಯಾಮವ್ವ ಸೆರಗು ಸರಿಮಾಡಿಕೊಂಡರು.

"ಈಗ ಕೇಳಿಸ್ತು ನೋಡ್ರಿ," ಅಂದರು. "ಮುಂದಿಂದು ಓದ್ರಿ."