ಬಸ್ಸಿನ ಗೆಳತಿಯ ಅಭಿಪ್ರಾಯಗಳು

ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಹಾವೇರಿಯಲ್ಲಿ. ಮುಂಜಾನೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತೇನೆ. ಈ ಓಡಾಟದಲ್ಲಿ ನಾನು ಓದುತ್ತಿದ್ದುದು ಪತ್ತೇದಾರಿ ಕಾದಂಬರಿಗಳನ್ನು, ಇಲ್ಲವೆ ಪ್ರೇಮದ ಕಾದಂಬರಿಗಳನ್ನು. ಈ ಸಂಗತಿಯನ್ನು ಯಾರಿಗೂ ಹೇಳುತ್ತಿರಲಿಲ್ಲ. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಈಗ ಏನು ಓದುತ್ತಿದ್ದೀರಿ ಎಂದು ಕೇಳಿದರೆ ಹಳಗನ್ನಡದ ಯಾವುದಾದರೊಂದು ಕಾವ್ಯದ ಮಾತು ತೆಗೆದು ಪಾರಾಗುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಮೋಟೆಬೆನ್ನೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ನನ್ನ ತೊಡೆಯ ಮೇಲಿನ ಪುಟದ ಕಡೆ ಕಣ್ಣು ಹಾಯಿಸಿ ಹೇಳಿದಳು:

"ಅಕ್ಕಾರ, ಆ ಡ್ರೈವರ್ ಕೊಂದಿಲ್ರಿ. ಸುಮ್ಮ ಅವನ ಮ್ಯಾಲ ಸಂಶೇ ಮಾಡಬ್ಯಾಡ್ರಿ."

ನಾನು ಪುಸ್ತಕ ಮುಚ್ಚಿದೆ. ಅವಳು ನಕ್ಕಳು. "ನಾ ಓದೀನ್ರಿ ಅದನ್ನ. ಯಾರು ಕೊಂದ್ರು ಅಂತ ಹೇಳಂಗಿಲ್ಲ, ಹೆದರಬ್ಯಾಡ್ರಿ."

ಹೀಗೆ ನಮ್ಮ ಗೆಳೆತನ ಶುರುವಾಯಿತು. ಅವಳ ಮನೆ ಬ್ಯಾಡಗಿಯಲ್ಲಿ. ಅಲ್ಲಿಂದ ಟಂಟಂ ಆಟೋದಲ್ಲಿ ಮೋಟೆಬೆನ್ನೂರಿಗೆ ಬಂದು ನನ್ನ ಬಸ್ಸು ಹಿಡಿಯುತ್ತಿದ್ದಳು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವಳ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಹರವಿಟ್ಟು, ಕೆಲವು ದಿನ ಬಿಟ್ಟು ಎಷ್ಟು ಮೊಳೆತಿವೆ ಎಂದು ನೋಡಿ ಬರೆಯುವುದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಡಿಗ್ರಿ ಓದುವ ಒಬ್ಬಳೇ ಮಗಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಆದರೆ ನನಗಿಂತ ಹೆಚ್ಚು ಓದಿದವಳು. ಬಸ್ ನಿಲ್ದಾಣದ ಹತ್ತಿರ ಹಳೆಯ ಪುಸ್ತಕ ಮಾರುವವನ ಹತ್ತಿರ ಬಂದ ಯಾವ ಕಾದಂಬರಿಯನ್ನೂ ಅವಳು ಬಿಡುತ್ತಿರಲಿಲ್ಲ.

ಅವಳ ಅಭಿಪ್ರಾಯಗಳು ನನಗೆ ಎಂದೂ ಹೊಳೆಯದಂಥವು. ಒಂದು ಪತ್ತೇದಾರಿ ಕಾದಂಬರಿಯಲ್ಲಿ ಸತ್ತವಳ ಸೀರೆ ಮಂಚದ ಮೇಲೆ ನೀಟಾಗಿ ಮಡಚಿಟ್ಟದ್ದಿತ್ತು. ಪತ್ತೇದಾರ ಇನ್ನೂರು ಪುಟ ಗಂಡಸರ ಹಿಂದೆಯೇ ಅಲೆಯುತ್ತಾನೆ. ಅವಳು ಇಪ್ಪತ್ತನೇ ಪುಟದಲ್ಲೇ ಹೇಳಿಬಿಟ್ಟಿದ್ದಳು: "ಅಂಚಿಗೆ ಅಂಚು ಕೂಡಿಸಿ ಮಡಚ್ಯಾರಂತ. ಗಂಡಸರು ಹಂಗ ಮಡಚೂದಿಲ್ರಿ. ಅತ್ತಿ ಇಲ್ಲಾ ನಾದಿನಿ." ನಾದಿನಿಯೇ ಆಗಿದ್ದಳು.

ಒಂದು ಪ್ರೇಮದ ಕಾದಂಬರಿಯನ್ನು ನಾನು ಬಾಯ್ತುಂಬ ಹೊಗಳಿದ್ದೆ. ಅದರಲ್ಲಿ ನಾಯಕ ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ, ಅಲ್ಲಿಂದಲೇ ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಪುಸ್ತಕ ಹಿಂದಿರುಗಿಸುವಾಗ ಅವಳು, "ಇದನ್ನ ಬರದಾಕಿಗೆ ಯಾವತ್ತೂ ಹೊಡ್ತ ಬಿದ್ದಿಲ್ರಿ ಅಕ್ಕಾರ" ಎಂದಳು. ನಾನು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದೆ.

ಆಮೇಲೆ ಬಂತು ಆ ಇನ್ನೊಂದು ಪುಸ್ತಕ. ಖಾನಾವಳಿ ನಡೆಸುವ ವಿಧವೆ, ಅಲ್ಲಿಗೆ ಊಟಕ್ಕೆ ಬರುವ ಸರ್ವೇಯರ್, ಇಬ್ಬರಿಗೂ ಐವತ್ತರ ಹತ್ತಿರದ ವಯಸ್ಸು. ಕೊನೆಗೆ ಮದುವೆಯಿಲ್ಲ, ಓಡಿಹೋಗುವುದಿಲ್ಲ. ದಿನಾ ಮಧ್ಯಾಹ್ನ ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಇಬ್ಬರೂ ಎದುರುಬದುರು ಕೂತು ಸ್ವಲ್ಪ ಹೊತ್ತು ಮಾತಾಡುತ್ತಾರೆ, ಅಷ್ಟೇ. ನಾನು ಅದನ್ನು ಎರಡು ಸಲ ಓದಿ ಅವಳಿಗೆ ಕೊಟ್ಟೆ. ಅವಳು ಬಸ್ಸಿನಲ್ಲಿ ಕೊನೆಯ ಪುಟ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದಳು.

"ನನಗೂ ಒಬ್ರು ಅದಾರ್ರಿ. ಕಂಪನಿ ಗೋಡೌನಿನ್ಯಾಗ. ಮಧ್ಯಾಹ್ನ ಒಂದು ಕಪ್ ಚಾ ಕೂಡಿ ಕುಡೀತೇವಿ. ಮೂರು ವರ್ಷ ಆತು. ಅದಕ್ಕಿಂತ ಹೆಚ್ಚಿಂದು ಏನಿಲ್ಲ, ಬೇಕೂ ಇಲ್ಲ. ಮಗಳಿಗೆ ಗೊತ್ತಿಲ್ರಿ. ನಿಮಗ ಒಬ್ಬರಿಗೇ ಹೇಳಾಕತ್ತೇನಿ."

ನಾನು ಅವಳ ಕೈ ಹಿಡಿದುಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದೆ.

ಅದಾಗಿ ಕೆಲವು ತಿಂಗಳಿಗೆ ಹಾವೇರಿಯಲ್ಲಿ ಒಂದು ಸಾಹಿತ್ಯದ ಕಾರ್ಯಕ್ರಮವಾಯಿತು. ಇಂದಿನ ಓದಿನ ಬಗ್ಗೆ ನಾನು ಮಾತಾಡಬೇಕಿತ್ತು. ವೇದಿಕೆಯ ಮೇಲೆ ದೊಡ್ಡ ದೊಡ್ಡವರಿದ್ದರು. ನನಗಿಂತ ಮೊದಲು ಮಾತಾಡಿದವರು ಕಷ್ಟದ ಮಾತುಗಳನ್ನಾಡಿ ಜನರಿಗೆ ತೂಕಡಿಕೆ ಬರಿಸಿದ್ದರು. ನಾನು ಎದ್ದು, ಜನ ಕೊಲೆ ಮತ್ತು ಪ್ರೇಮದ ಕಾದಂಬರಿಗಳನ್ನು ಮಿರ್ಚಿ ಭಜಿಯಂತೆ ತಿನ್ನುತ್ತಾರೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಾರೆ ಎಂದೆ. ಜನ ನಕ್ಕರು. ಆ ನಗು ನನಗೆ ಹಿತವೆನಿಸಿತು.

ಆಗ ಅವಳ ಮಾತು ತೆಗೆದೆ. "ನನ್ನ ಬಸ್ಸಿನಲ್ಲಿ ಬೀಜದ ಕಂಪನಿಯ ಹೆಂಗಸೊಬ್ಬರು ಬರುತ್ತಾರೆ. ಮೊಳಕೆ ಎಣಿಸುವ ಕೆಲಸ" ಎಂದು ಶುರುಮಾಡಿದೆ. ಸೀರೆ ಮಡಚಿದ್ದರಿಂದ ಕೊಲೆಗಾರ್ತಿಯನ್ನು ಹಿಡಿದ ಕತೆಯನ್ನು ಅವಳ ಧಾಟಿಯಲ್ಲೇ ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಅವಳನ್ನು ನೋಡಿದೆ. ಮಗಳ ಜೊತೆ ಕೂತಿದ್ದಳು. ಅವಳೂ ನಗುತ್ತಿದ್ದಳು, ಅದು ತನ್ನ ಮಾತು ಎಂದು ಮಗಳಿಗೆ ಮೊಣಕೈಯಿಂದ ತಿವಿದು ತೋರಿಸುತ್ತಿದ್ದಳು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳನ್ನು ನೋಡಿಯೂ ಮುಂದುವರಿಸಿದೆ. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಅವಳು ಬಂದದ್ದು ನನಗೆ ಗೊತ್ತಿರಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದೇನೆ, ನನ್ನ ಗಂಡನಿಗೂ. ಖಾನಾವಳಿಯ ಪುಸ್ತಕವನ್ನು ಅಗ್ಗದ ಕಣ್ಣೀರು ಎಂದು ಹಳಿದೆ. ಅದನ್ನು ಓದಿ ಅತ್ತ ಆ ಹೆಂಗಸಿಗೆ ಗೋದಾಮಿನಲ್ಲಿ ಆ ಕತೆಯವನಂಥದೇ ಒಬ್ಬ ಸರ್ವೇಯರ್ ಸಿಕ್ಕಿದ್ದಾನೆ, ದಿನಾ ಒಂದು ಕಪ್ ಚಹಾದ ಪ್ರೇಮ ನಡೆದಿದೆ, ಕಾದಂಬರಿಗಳು ಮಾಡುವ ಹಾವಳಿ ನೋಡಿ ಎಂದೆ.

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಮಗಳು ತಾಯಿಯ ಮುಖ ನೋಡುತ್ತಿದ್ದಳು. ತಾಯಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ವಂದನಾರ್ಪಣೆಗೆ ಮೊದಲೇ ಇಬ್ಬರೂ ಎದ್ದು ಹೋದರು. ನಾನು ಹಿಂದೆ ಓಡಲಿಲ್ಲ. ಎಲ್ಲರ ಜೊತೆ ನಿಂತು ಉಪ್ಪಿಟ್ಟು ತಿಂದೆ, ನನ್ನ ಮಾತು ಮೆಚ್ಚಿದವರಿಗೆ ಕೈಮುಗಿದೆ.

ಸೋಮವಾರ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಿತು. ಅವಳು ಹತ್ತಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಭಾಷಣದ ತುಣುಕನ್ನು ವಾಟ್ಸಾಪಿನಲ್ಲಿ ಹಾಕಿದ್ದರು. ನಮ್ಮ ಕಾಲೇಜಿನ ಗುಂಪಿಗೂ ಅದು ಬಂತು, ಕೆಳಗೆ ನಗುವ ಮುಖಗಳ ಸಾಲು. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳು ಬಹಳ ಇವೆ. ಆದರೆ ಮೋಟೆಬೆನ್ನೂರಿನಿಂದ ಬಸ್ಸಿನಲ್ಲಿ ಕಾದಂಬರಿ ಓದುತ್ತ ಬಂದು ಮೊಳಕೆ ಎಣಿಸುವವಳು ಒಬ್ಬಳೇ.

ಎರಡನೆಯ ಭಾನುವಾರ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಕೇಳುತ್ತ ಕೇಳುತ್ತ ಮನೆ ಹುಡುಕಿದೆ. ಬಾಗಿಲು ತೆಗೆದವಳು ಮಗಳು. ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ತಿರುಗಿ, "ಯವ್ವಾ, ಭಾಷಣದ ಮೇಡಂ ಬಂದಾರ" ಎಂದಳು.

ಅವಳು ಹೊರಗೆ ಬಂದಳು. "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿದಳು. ತಂಬಿಗೆಯಲ್ಲಿ ನೀರು, ಜೊತೆಗೆ ಬೆಲ್ಲ ತಂದಿಟ್ಟಳು. ಅತಿಥಿಗೆ ಮಾಡಬೇಕಾದ್ದನ್ನು ಒಂದೂ ಬಿಡಲಿಲ್ಲ.

"ನನ್ನಿಂದ ದೊಡ್ಡ ತಪ್ಪಾತು" ಎಂದೆ.

"ಹೌದ್ರಿ, ಆತು."

ಅವಳು ಅಷ್ಟು ನೇರವಾಗಿ ಹೌದೆಂದಾಳೆಂದು ನಾನು ತಿಳಿದಿರಲಿಲ್ಲ. ಇರಲಿ ಬಿಡ್ರಿ ಎನ್ನುತ್ತಾಳೆ ಎಂದುಕೊಂಡು ಹೋಗಿದ್ದೆ. ಆ ಆಸೆಗೂ ಈಗ ನಾಚಿಕೆಯಾಗುತ್ತದೆ.

"ಮಗಳು ಮೂರು ದಿನ ನನ್ನ ಕೂಡ ಮಾತಾಡ್ಲಿಲ್ಲ" ಎಂದಳು. "ಆಮ್ಯಾಲ ಕೇಳಿದ್ಲು, ಅವರು ಯಾರವ್ವಾ ಅಂತ. ಹೇಳಿದ್ನಿ. ಆಕಿಗೆ ಸಮಾಧಾನ ಆತು. ಆದ್ರ ಕಂಪನ್ಯಾಗಿನ ಮಂದಿಗೆ ಯಾರು ಸಮಾಧಾನ ಹೇಳಬೇಕ್ರಿ? ಆ ಗೋಡೌನಿನವರು ಈಗ ಅಲ್ಲಿಂದ ಹೊರಗ ಬರಂಗಿಲ್ಲ. ನಾನೂ ಆ ಕಡೆ ಹೋಗಂಗಿಲ್ಲ."

"ಆ ವಿಡಿಯೋ ತೆಗೆಸ್ತೀನಿ."

"ತೆಗಸ್ರಿ." ತಂಬಿಗೆಯನ್ನು ನನ್ನ ಕಡೆ ಸರಿಸಿ ಹೇಳಿದಳು: "ನನಗ ನಕ್ಕಿದ್ದು ಬಿಡ್ರಿ. ಆ ಖಾನಾವಳಿ ಪುಸ್ತಕ ಅಗ್ಗದ್ದು ಅಂದ್ರೆಲ್ಲ, ಅದು ಸುಳ್ಳಲ್ಲೇನ್ರಿ? ನೀವು ಎರಡು ಸಲ ಓದಿ ನನಗ ಕೊಟ್ಟಿದ್ರಿ. ಚಲೋ ಐತಿ ಅಂತ ಹೇಳಾಕ ನಿಮಗ ಯಾಕ ಅಂಜಿಕಿ ಬಂತು? ನಾ ಹತ್ತನೇತ್ತ ಫೇಲ್. ನನಗ ಅಂಜಿಕಿ ಇಲ್ಲ. ನೀವು ಕಾಲೇಜಿನ್ಯಾಗ ಕಲಸಾವ್ರು."

ನಾನು ಎದ್ದೆ. ಬಾಗಿಲವರೆಗೆ ಬಂದು ಕಳಿಸಿದಳು, ಆದರೆ ಮತ್ತೆ ಬರ್ರಿ ಎನ್ನಲಿಲ್ಲ. ನಮ್ಮ ಕಡೆ ಬೇಡದವರಿಗೂ ಆ ಮಾತು ಹೇಳುತ್ತಾರೆ.

ವಿಡಿಯೋ ಹಾಕಿದವರನ್ನು ಹುಡುಕಿ ಕೇಳಿಕೊಂಡೆ. ಅವರು ತೆಗೆದರು. ಅಷ್ಟು ಹೊತ್ತಿಗೆ ಅದು ಎಷ್ಟು ಫೋನುಗಳಲ್ಲಿ ಉಳಿದಿತ್ತೋ. ಮತ್ತೊಂದು ಕಾರ್ಯಕ್ರಮ ಅದೇ ಸಭಾಭವನದಲ್ಲಿ ನಡೆದಾಗ ನಾನೇ ಐದು ನಿಮಿಷ ಕೇಳಿ ಪಡೆದೆ. ಆ ಕಾದಂಬರಿಗಳನ್ನು ನಾನೇ ವರ್ಷಗಟ್ಟಲೆ ಆಸೆಪಟ್ಟು ಓದಿದ್ದೇನೆ, ಖಾನಾವಳಿಯ ಕತೆ ಒಳ್ಳೆಯ ಕತೆ, ಅದರ ಬಗ್ಗೆ ಅಂದು ಸುಳ್ಳು ಹೇಳಿದೆ, ನನಗೆ ಓದಲು ಕಲಿಸಿದವರೊಬ್ಬರ ಗುಟ್ಟನ್ನು ನಗೆಗಾಗಿ ಮಾರಿಕೊಂಡೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದಾಗ ಹಿರಿಯರೊಬ್ಬರು ಕೈ ಮುಗಿದು, "ಎಂಥಾ ದೊಡ್ಡ ಮನಸ್ಸ್ರಿ ನಿಮ್ಮದು" ಎಂದರು. ಅಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ತಪ್ಪೊಪ್ಪಿಗೆಯಿಂದಲೂ ನಾನು ಹೆಸರು ಮಾಡಿಕೊಂಡ ಹಾಗಾಯಿತು.

ಅವಳು ಈಗ ಬ್ಯಾಡಗಿಯಿಂದ ನೇರ ರಾಣೆಬೆನ್ನೂರಿಗೆ ಬರುವ ಬಸ್ಸಿನಲ್ಲಿ ಓಡಾಡುತ್ತಾಳೆ ಎಂದು ಕಂಡಕ್ಟರ್ ಹೇಳಿದ. ಕಳೆದ ತಿಂಗಳು ಮಗಳಿಂದ ಒಂದು ಮೆಸೇಜು ಬಂತು: "ಅವ್ವ ಆರಾಮ ಅದಾಳ. ನೀವು ಸಭೆಯಲ್ಲಿ ಹೇಳಿದ್ದು ಗೊತ್ತಾಗಿದೆ. ಮನೆಗೆ ಮಾತ್ರ ಬರುವುದು ಬೇಡ ಅಂತ ಹೇಳ್ಯಾಳ."

ಉತ್ತರವಾಗಿ ಉದ್ದಕ್ಕೆ ಬರೆದೆ. ಓದಿ ನೋಡಿದರೆ ಅದರಲ್ಲಿ ಬರೀ ನನ್ನ ನೋವೇ ಇತ್ತು. ಎಲ್ಲ ಅಳಿಸಿ, "ಆಗಲಿ" ಎಂದು ಕಳಿಸಿದೆ.