ಬ್ಯಾಗು ಹಿಡಿದು ಕುಳಿತವಳು

ಒಮಾನಿನ ನಿಜ್ವಾ ಊರಿನ ನಮ್ಮ ಮನೆಗೆ ಮಂಗಳೂರಿನಿಂದ ಯಾರೇ ಬರಲಿ, ಮೊದಲು ಕೋಟೆ ತೋರಿಸಬೇಕು. ಆ ಹಾಳು ಬಿಸಿಲಿನಲ್ಲಿ ನಾನು ನೆಂಟರನ್ನು ಹತ್ತಿಸುತ್ತಿದ್ದೆ. ಮೊಣಕಾಲು ನೋವಿನ ನನ್ನ ಹೆಂಡತಿ ಎಲ್ಲರ ಬ್ಯಾಗು, ನೀರಿನ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೋಟೆಯ ಬಾಗಿಲ ಬಳಿಯೇ ಕೂರುತ್ತಿದ್ದಳು.

"ನೀವು ನೋಡಿ ಬನ್ನಿ ಮಾರಾಯ್ರೆ, ಬ್ಯಾಗು ನಾನು ನೋಡ್ಕೊಳ್ತೇನೆ. ರೋಮಿಗೆ ಹೋದಾಗ ಮಾತ್ರ ಜೀವ ಹೋದ್ರೂ ಹತ್ತುವವಳೇ."

ಇನ್ನೊಂದು ಊರಾದ ರುಸ್ತಾಕಿನ ಕೋಟೆಯಲ್ಲೂ ಅದೇ ಮಾತು ಹೇಳಿದ್ದಳು.

ರೋಮಿನ ಟಿಕೆಟ್ ಮಾಡಿಸುವ ಮೊದಲೇ ಅವಳು ತೀರಿಕೊಂಡಳು. ಈ ವರ್ಷ ಮಗಳು ಹಟ ಹಿಡಿದು ನನ್ನನ್ನು ಮಸ್ಕತ್ತಿನಲ್ಲಿ ವಿಮಾನ ಹತ್ತಿಸಿ ತನ್ನ ಜೊತೆ ಅಲ್ಲಿಗೆ ಹೊರಡಿಸಿದಳು.

ಕೊಲೋಸಿಯಮ್ಮಿನ ಮೆಟ್ಟಿಲ ಬುಡದಲ್ಲಿ ನಾನು ಬ್ಯಾಗನ್ನು ಹೆಗಲಿನಿಂದ ಇಳಿಸಿ, ಅಭ್ಯಾಸದಂತೆ ಪಕ್ಕಕ್ಕೆ ಚಾಚಿದೆ. ತೆಗೆದುಕೊಳ್ಳುವ ಕೈ ಇರಲಿಲ್ಲ.

"ಪಪ್ಪಾ, ಕಮ್," ಮಗಳು ಮೇಲಿನಿಂದ ಕರೆದಳು.

"ನೀನು ನೋಡಿ ಬಾ. ಬ್ಯಾಗು ನಾನು ನೋಡ್ಕೊಳ್ತೇನೆ."

ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ಆ ಗೋಡೆ ಎರಡು ಸಾವಿರ ವರ್ಷ ಹಳೆಯದಂತೆ, ಇದ್ದರೆ ಇರಲಿ. ನನಗೆ ಕಾಣುತ್ತಿದ್ದುದು ಹತ್ತಿ ಹೋಗುವವರ ಬೆನ್ನು ಮಾತ್ರ.

ನನ್ನ ಹೆಂಡತಿ ನೋಡಿದ ಕೋಟೆಗಳೆಲ್ಲ ಇಷ್ಟೇ.